ರೇಡಿಯೋ ಮಿಕ್ಸರ್ ಕೈಕೊಟ್ಟಾಗ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಸೆಟ್ಟು ಸರಿಯಾಗಿ ಕೇಳಿಸದಿದ್ದರೆ ಹೊಸ ಹ್ಯಾಮ್‌ಗಳು (ಹವ್ಯಾಸಿ ರೇಡಿಯೋದವರು) ಮೊದಲು ಮಾಡುವ ಕೆಲಸವೆಂದರೆ ಮಿಕ್ಸರಿನ ಡಯೋಡ್ ಅಥವಾ ಐಸಿಯನ್ನು ಬಿಚ್ಚಿ ಬದಲಿಸುವುದು. ಬಹುಪಾಲು ಸಲ ಅದು ನಿರಪರಾಧಿ. ಮಿಕ್ಸರಿಗೆ ಮೂರು ಬಾಗಿಲು: ಆಂಟೆನಾ ಕಡೆಯಿಂದ ಸಿಗ್ನಲ್ ಬರುವುದು ಒಂದು, ಸೆಟ್ಟಿನೊಳಗೇ ಅಲೆ ಹುಟ್ಟಿಸುವ ಲೋಕಲ್ ಆಸಿಲೇಟರಿನ ಸಿಗ್ನಲ್ ಬರುವುದು ಇನ್ನೊಂದು, ಎರಡೂ ಬೆರೆತು ಹುಟ್ಟಿದ ಮೊತ್ತ ಮತ್ತು ವ್ಯತ್ಯಾಸದ ಆವರ್ತನಗಳು ಹೊರಡುವುದು ಮೂರನೆಯದು. ಈ ಮೂರರಲ್ಲಿ ಏನು ಬರುತ್ತಿದೆ, ಏನು ಹೋಗುತ್ತಿದೆ ಎಂದು ನೋಡುವ ಮೊದಲೇ ಬೆಸುಗೆ ಕಡ್ಡಿ ಕಾಯಿಸಬೇಡಿ.

ಇಲ್ಲಿನ ಉದಾಹರಣೆಗಳು ನಮ್ಮಲ್ಲಿ ಹೆಚ್ಚಾಗಿ ಕೈಗೆ ಸಿಗುವ ಮೂರು ಬಗೆಯ ಸೆಟ್ಟುಗಳವು. ಒಂದು, ಬಿಎಫ್194 ಥರದ ಒಂದೇ ಟ್ರಾನ್ಸಿಸ್ಟರ್ ಆಸಿಲೇಟರೂ ಮಿಕ್ಸರೂ ಆಗಿ ದುಡಿಯುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ. ಎರಡು, ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರ ಬಿಟ್‌ಎಕ್ಸ್ ವಿನ್ಯಾಸದಂತೆ ಡಯೋಡ್ ಮಿಕ್ಸರ್ ಇರುವ ಟ್ರಾನ್ಸೀವರ್, ಅಂದರೆ ಕೇಳುವುದಕ್ಕೂ ಕಳಿಸುವುದಕ್ಕೂ ಒಂದೇ ಸೆಟ್ಟು. ಮೂರು, ಎನ್‌ಇ602 ಅಥವಾ ಎಸ್‌ಎ612 ಐಸಿ ಬಳಸಿ ಮನೆಯಲ್ಲೇ ಕಟ್ಟಿಕೊಂಡ ಸಣ್ಣ ರಿಸೀವರ್. ಈ ಐಸಿಯೊಳಗೆ ಇರುವುದು ಗಿಲ್ಬರ್ಟ್ ಸೆಲ್ ಎಂಬ ಟ್ರಾನ್ಸಿಸ್ಟರ್ ಜೋಡಣೆ.

ಮುಟ್ಟುವ ಮೊದಲು

ವಾಲ್ವ್ ಸೆಟ್ಟಾದರೆ ಒಳಗೆ 200 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವುದು ಜಾಣತನವಲ್ಲ. 10 ಕಿಲೋಓಂ, 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಚಾಸಿಯೇ ನೇರವಾಗಿ ಮನೆಯ ವಿದ್ಯುತ್ತಿಗೆ ಸೇರಿರಬಹುದು. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥವನ್ನು ತೆರೆಯಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಆಂಟೆನಾ ಕಳಚಿಡಿ. ಟ್ರಾನ್ಸೀವರಾದರೆ, ಆಂಟೆನಾ ಬೇಕೇ ಬೇಕಾದ ಕೇಳುವ ಪರೀಕ್ಷೆಗಳನ್ನು ಬಿಟ್ಟು ಉಳಿದ ಹೊತ್ತೆಲ್ಲ ಆಂಟೆನಾ ಜಾಗದಲ್ಲಿ 50 ಓಂ ಡಮ್ಮಿ ಲೋಡ್ (ಆಂಟೆನಾ ಬದಲು ಶಕ್ತಿ ನುಂಗುವ ರೆಸಿಸ್ಟರ್) ಇರಲಿ. ಪರವಾನಗಿ ಇಲ್ಲದವರು ಟ್ರಾನ್ಸ್‌ಮಿಟ್ ಗುಂಡಿ ಒತ್ತುವಂತೆಯೇ ಇಲ್ಲ.

ಇನ್ನೊಂದು ಮಾತು. ಐಎಫ್ (ಮಿಕ್ಸರಿನಿಂದ ಹೊರಟು ಮುಂದೆ ವರ್ಧಿಸಲಾಗುವ ನಡುವಿನ ಆವರ್ತನ) ಡಬ್ಬಿಗಳ ಬಣ್ಣದ ತಿರುಪುಗಳನ್ನು ತಿರುಗಿಸಬೇಡಿ. ಅವು ತಾವಾಗಿ ಸಡಿಲವಾಗುವುದಿಲ್ಲ. ತಿರುಗಿಸಿದರೆ ಇದ್ದ ಒಂದು ದೋಷ ಎರಡಾಗುತ್ತದೆ, ಎರಡನೆಯದನ್ನು ಸರಿಪಡಿಸಲು ಸಿಗ್ನಲ್ ಜನರೇಟರ್ ಬೇಕಾಗುತ್ತದೆ.

ಲಕ್ಷಣ: ಸ್ಪೀಕರಿನಲ್ಲಿ ಸುಯ್ ಎನ್ನುತ್ತದೆ, ಒಂದೂ ಸ್ಟೇಷನ್ ಬರುವುದಿಲ್ಲ

ಆ ಸುಯ್ ಸದ್ದು ಒಳ್ಳೆಯ ಸುದ್ದಿ. ಆಡಿಯೋ ಭಾಗ ಜೀವಂತವಾಗಿದೆ ಎಂದರ್ಥ. ಅದೂ ಇಲ್ಲದಿದ್ದರೆ ಮಿಕ್ಸರನ್ನು ಬಿಟ್ಟು ಬ್ಯಾಟರಿ, ಸ್ವಿಚ್ಚು, ಸ್ಪೀಕರ್ ತಂತಿ ನೋಡಿ.

ಬ್ಯಾಟರಿ ಸೆಟ್ಟಾದರೆ ಸ್ಕ್ರೂಡ್ರೈವರಿನ ಲೋಹವನ್ನು ಬೆರಳಿಗೆ ತಾಗಿಸಿಕೊಂಡು ಐಎಫ್ ಆಂಪ್ಲಿಫೈಯರಿನ ಇನ್‌ಪುಟ್ ಮುಟ್ಟಿ. ಗೊರಗೊರ ಸದ್ದು ಜೋರಾಗಿ ಎದ್ದರೆ ಅಲ್ಲಿಂದ ಮುಂದಿನದೆಲ್ಲ ಸರಿ, ದೋಷ ಹಿಂದೆ ಇದೆ. ವಾಲ್ವ್ ಸೆಟ್ಟಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಮುಂದಿನ ಪ್ರಶ್ನೆ: ಲೋಕಲ್ ಆಸಿಲೇಟರ್ ಓಡುತ್ತಿದೆಯೇ? ಇದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಯಿದೆ. ಸರಿಯಿರುವ ಇನ್ನೊಂದು ರೇಡಿಯೋ ತಂದು ಪಕ್ಕದಲ್ಲಿಡಿ. ಕೆಟ್ಟ ಸೆಟ್ಟಿನ ಮುಳ್ಳನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಲ್ಲಿ ನಿಲ್ಲಿಸಿ. ಐಎಫ್ 455 ಆದ್ದರಿಂದ ಅದರ ಆಸಿಲೇಟರ್ 612 ಕೂಡಿಸು 455, ಅಂದರೆ 1067ರಲ್ಲಿ ಓಡುತ್ತಿರಬೇಕು. ಒಳ್ಳೆಯ ರೇಡಿಯೋವನ್ನು 1067ರ ಆಸುಪಾಸಿನಲ್ಲಿ ಮೆಲ್ಲಗೆ ತಿರುಗಿಸಿ. ಒಂದೆಡೆ ಸುಯ್ ಸದ್ದು ಥಟ್ಟನೆ ತಗ್ಗುತ್ತದೆ, ಅಲ್ಲೊಂದು ದುರ್ಬಲ ಸ್ಟೇಷನ್ ಇದ್ದರೆ ಅದರ ಮೇಲೆ ಶಿಳ್ಳೆ ಏಳುತ್ತದೆ. ಈಗ ಕೆಟ್ಟ ಸೆಟ್ಟಿನ ಮುಳ್ಳನ್ನು ಒಂದಿಷ್ಟು ಅಲುಗಿಸಿ; ಶಿಳ್ಳೆಯೂ ಜೊತೆಗೆ ಸರಿದರೆ ಆಸಿಲೇಟರ್ ಬದುಕಿದೆ.

ಬಿಟ್‌ಎಕ್ಸ್‌ನ 40 ಮೀಟರ್ ಬ್ಯಾಂಡಿನ ರೂಪವಾದ ಬಿಟ್‌ಎಕ್ಸ್40ಕ್ಕೂ ಇದೇ ಉಪಾಯ ನಡೆಯುತ್ತದೆ. ಅದರ ಐಎಫ್ 12 ಮೆಗಾಹರ್ಟ್ಸ್. 7.100ರಲ್ಲಿ ಕೇಳುವಾಗ ಆಸಿಲೇಟರ್ 4.9ರ ಹತ್ತಿರ ಇರುತ್ತದೆ, ಶಾರ್ಟ್‌ವೇವ್ ಇರುವ ಸಾಧಾರಣ ರೇಡಿಯೋದಲ್ಲೇ ಅದು ಸಿಕ್ಕುತ್ತದೆ. ಇಲ್ಲಿ ಒಂದು ಭ್ರಮೆ ಬೇಡ: ಪರದೆಯ ಮೇಲೆ 7.100 ಎಂದು ಮೂಡುವುದು ಆರ್ಡುಯಿನೋ ಎಂಬ ಸಣ್ಣ ಕಂಪ್ಯೂಟರ್ ಬೋರ್ಡು ಲೆಕ್ಕ ಹಾಕಿ ಬರೆದ ಅಂಕಿ. ಆಸಿಲೇಟರಿನ ಅಲೆ ಹುಟ್ಟಿಸುವ ಎಸ್‌ಐ5351 ಚಿಪ್‌ನಿಂದ ಸಿಗ್ನಲ್ ಹೊರಟಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಆಸಿಲೇಟರ್ ನಿಂತಿದೆ ಎಂಬ ಅನುಮಾನ ಬಂದರೆ ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಕನ್ವರ್ಟರ್ ಟ್ರಾನ್ಸಿಸ್ಟರಿನ (ಆಸಿಲೇಟರೂ ಮಿಕ್ಸರೂ ಆಗಿರುವುದು) ಎಮಿಟರ್ ವೋಲ್ಟೇಜ್ ನೋಡುತ್ತಾ, ಗ್ಯಾಂಗಿನ (ಟ್ಯೂನಿಂಗ್ ಕೆಪಾಸಿಟರ್) ಆಸಿಲೇಟರ್ ಭಾಗವನ್ನು 0.01 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ ಗ್ರೌಂಡಿಗೆ ಶಾರ್ಟ್ ಮಾಡಿ. ವೋಲ್ಟೇಜ್ ಸ್ವಲ್ಪವಾದರೂ ಜಿಗಿದರೆ ಅದುವರೆಗೆ ಆಸಿಲೇಟರ್ ಓಡುತ್ತಿತ್ತು. ಕದಲದಿದ್ದರೆ ಅದು ಮೊದಲೇ ನಿಂತಿತ್ತು. ಆಗ ಆಸಿಲೇಟರ್ ಕಾಯಿಲಿನ ತಂತಿ ಹರಿದಿದೆಯೇ, ಗ್ಯಾಂಗಿನ ತಟ್ಟೆಗಳು ಒಂದಕ್ಕೊಂದು ತಾಗುತ್ತಿವೆಯೇ ನೋಡಿ. ಟ್ರಾನ್ಸಿಸ್ಟರ್ ಬದಲಿಸುವುದು ಅದಾದ ಮೇಲೆ.

ಡಯಲಿನ ಒಂದು ತುದಿಯಲ್ಲಿ ಸ್ಟೇಷನ್ ಬಂದು, ಇನ್ನೊಂದು ತುದಿಯಲ್ಲಿ ಪೂರ್ತಿ ಸತ್ತಿದ್ದರೆ ಆಸಿಲೇಟರ್ ಅರೆಜೀವವಾಗಿದೆ. ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ. ಅರ್ಧಕ್ಕರ್ಧ ಕೇಸು ಅಲ್ಲಿಗೇ ಮುಗಿಯುತ್ತವೆ.

ಎನ್‌ಇ602 ಸೆಟ್ಟಿನಲ್ಲಿ ಮೊದಲು 8ನೇ ಕಾಲಿನ ವೋಲ್ಟೇಜ್ ಅಳೆಯಿರಿ. ಅದಕ್ಕೆ ಬೇಕಿರುವುದು 4.5ರಿಂದ 8 ವೋಲ್ಟ್, ತಡೆಯುವ ಗರಿಷ್ಠ ಮಿತಿ 9. ಹೊಚ್ಚಹೊಸ 9 ವೋಲ್ಟ್ ಬ್ಯಾಟರಿ ಮೊದಲ ದಿನ ಒಂಬತ್ತನ್ನು ಮೀರಿಯೇ ಕೊಡುತ್ತದೆ. ನೇರವಾಗಿ ಜೋಡಿಸಿ ಐಸಿ ಕೊಂದವರು ಬೇಕಾದಷ್ಟಿದ್ದಾರೆ. ನಡುವೆ 78ಎಲ್05 ಅಥವಾ 6.2 ವೋಲ್ಟ್ ಜೀನರ್ ಇರಲೇಬೇಕು. 1 ಮತ್ತು 2ನೇ ಕಾಲುಗಳಲ್ಲಿ ಸುಮಾರು 1.4 ವೋಲ್ಟ್ ಕಾಣಬೇಕು. ಔಟ್‌ಪುಟ್ ಕೆಪಾಸಿಟರ್ ಮೂಲಕ ಹೋಗುತ್ತಿದ್ದರೆ 4 ಮತ್ತು 5ರಲ್ಲಿ ಸರಬರಾಜಿಗಿಂತ ಒಂದು ವೋಲ್ಟಿನ ಮೇಲೆ ಚೂರು ಕಡಿಮೆ, ಮತ್ತು ಎರಡರಲ್ಲೂ ಸಮ. ಈ ಎರಡು ಕಾಲುಗಳು ಬೇರೆ ಬೇರೆ ಅಂಕಿ ತೋರಿಸಿದರೆ ಐಸಿಯ ಒಳಗೆ ಒಂದು ಪಕ್ಕ ಹೋಗಿದೆ. ಆಗ ಮಾತ್ರ ಬದಲಿಸಿ. ಮಾರುಕಟ್ಟೆಯಲ್ಲಿ ಬೇರೆ ಐಸಿಯ ಮೈಮೇಲೆ ಹೊಸ ಹೆಸರು ಅಚ್ಚೊತ್ತಿದ ನಕಲಿಗಳೂ ಇವೆ, ಹಾಗಾಗಿ ಹೊಸದಕ್ಕೂ ಇದೇ ಅಳತೆ ಮಾಡಿ.

ಲಕ್ಷಣ: ಗಟ್ಟಿ ಸ್ಟೇಷನ್ ಮಾತ್ರ ಬರುತ್ತದೆ, ದೂರದ್ದು ಬರುವುದಿಲ್ಲ

ಇಲ್ಲಿ ತಾಳ್ಮೆ ಬೇಕು, ಏಕೆಂದರೆ ಅರ್ಧ ಕೆಟ್ಟ ಮಿಕ್ಸರ್ ಪೂರ್ತಿ ಕೆಟ್ಟದ್ದಕ್ಕಿಂತ ಹೆಚ್ಚು ಸತಾಯಿಸುತ್ತದೆ.

ಆಂಟೆನಾ ಕಿತ್ತು ಮತ್ತೆ ಸಿಕ್ಕಿಸಿ. ಸಿಕ್ಕಿಸಿದಾಗ ಸುಯ್ ಸದ್ದು ಎದ್ದು ಕಾಣುವಷ್ಟು ಏರಿದರೆ ಸೆಟ್ಟಿನ ಸೂಕ್ಷ್ಮತೆ ಸಾಕಷ್ಟಿದೆ, ದೋಷ ಆಂಟೆನಾದ್ದೋ ಆ ಹೊತ್ತಿನ ಪ್ರಸರಣದ್ದೋ ಆಗಿರಬಹುದು. ಏನೂ ವ್ಯತ್ಯಾಸವಿಲ್ಲದಿದ್ದರೆ ಮುಂದುವರಿಯಿರಿ. ನೆನಪಿರಲಿ, ನಾಲ್ಕು ಡಯೋಡುಗಳನ್ನು ಉಂಗುರದಂತೆ ಕಟ್ಟಿದ ಡಯೋಡ್ ರಿಂಗ್ ಮಿಕ್ಸರ್ ತಾನಾಗಿ ವರ್ಧನೆ ಕೊಡುವುದಿಲ್ಲ. 5ರಿಂದ 7 ಡೆಸಿಬೆಲ್ ನುಂಗುವುದು ಅದರ ಹುಟ್ಟುಗುಣ. ಎನ್‌ಇ602 ಇದಕ್ಕೆ ತದ್ವಿರುದ್ಧ, ಅದು ವರ್ಧಿಸಿಯೇ ಕೊಡುತ್ತದೆ. ಒಂದರ ಅಂಕಿಯನ್ನು ಇನ್ನೊಂದರಿಂದ ನಿರೀಕ್ಷಿಸಬೇಡಿ.

ಮೊದಲ ಶಂಕೆ ಆಸಿಲೇಟರಿನ ಬಲದ ಮೇಲೆ. ಎಸ್‌ಬಿಎಲ್-1 ಎಂಬ ಸಿದ್ಧ ಮಾಡ್ಯೂಲಿನ ಮಾದರಿಯ ಡಯೋಡ್ ರಿಂಗಿಗೆ ಬೇಕಿರುವುದು 7 ಡಿಬಿಎಂ, ಅಂದರೆ 5 ಮಿಲಿವ್ಯಾಟ್. 50 ಓಂ ಮೇಲೆ ಅದು ತುದಿಯಿಂದ ತುದಿಗೆ 1.4 ವೋಲ್ಟ್. ಇದನ್ನು ಮಿಕ್ಸರ್ ಜೋಡಿಸಿದ್ದಾಗ ಅಳೆಯಬೇಡಿ. ಡಯೋಡುಗಳು ಅಲೆಯ ತಲೆಯನ್ನು ಚಪ್ಪಟೆ ಮಾಡಿಬಿಡುತ್ತವೆ. ಆಸಿಲೋಸ್ಕೋಪಿನಲ್ಲಿ ಆ ಆಕಾರ ಕಂಡು ಗಾಬರಿಯಾಗುವವರಿದ್ದಾರೆ, ಅದು ಸಹಜ. ಆಸಿಲೇಟರಿನ ತಂತಿ ಬಿಡಿಸಿ, ಎರಡು 100 ಓಂ ರೆಸಿಸ್ಟರುಗಳನ್ನು ಸಮಾಂತರವಾಗಿ ಕಟ್ಟಿ, ಅವುಗಳ ಮೇಲೆ ಅಳೆಯಿರಿ. ಒಂದು ವೋಲ್ಟಿಗಿಂತ ಕೆಳಗಿದ್ದರೆ ಡಯೋಡುಗಳು ಪೂರ್ತಿ ತೆರೆದು ಮುಚ್ಚುತ್ತಿಲ್ಲ. ಮಿಕ್ಸರ್ ಸರಿಯಿದೆ, ಅದಕ್ಕೆ ಬರುವ ಬಲ ಸಾಲದು. ಎನ್‌ಇ602ಕ್ಕಾದರೆ 6ನೇ ಕಾಲಿಗೆ ತುದಿಯಿಂದ ತುದಿಗೆ 200 ಮಿಲಿವೋಲ್ಟ್ ಕೊಟ್ಟರೆ ಕೆಲಸ ಶುರು. ಎಸ್‌ಐ5351ರ 3.3 ವೋಲ್ಟಿನ ಚೌಕದಲೆಯನ್ನು ತಗ್ಗಿಸದೆ ಅದಕ್ಕೆ ತುರುಕಿದರೆ ಕೆಳಗೆ ಹೇಳುವ ಶಿಳ್ಳೆಗಳ ಕಾಟ ಆರಂಭವಾಗುತ್ತದೆ.

ಬಲ ಸರಿಯಿದ್ದೂ ಸೆಟ್ಟು ಕಿವುಡಾಗಿದ್ದರೆ ರಿಂಗ್‌ನತ್ತ ತಿರುಗಿ. ಸೆಟ್ಟಿನ ವಿದ್ಯುತ್ ಆರಿಸಿ, ಭೂತಗನ್ನಡಿ ಹಿಡಿದು ನಾಲ್ಕು ಡಯೋಡುಗಳ ಕರಿಪಟ್ಟಿ ನೋಡಿ. ಒಂದರ ಬಾಲಕ್ಕೆ ಇನ್ನೊಂದರ ತಲೆ ಎಂಬಂತೆ ಸುತ್ತಲೂ ಒಂದೇ ದಿಕ್ಕಿಗೆ ಹೋಗಬೇಕು. ವಿದ್ಯುತ್ ಸರಬರಾಜಿನ ಬ್ರಿಡ್ಜ್ ರೆಕ್ಟಿಫೈಯರ್ ಕಟ್ಟಿ ರೂಢಿಯಾದ ಕೈಗಳು ಇಲ್ಲಿಯೂ ಅದೇ ರೀತಿ ಜೋಡಿಸಿಬಿಡುತ್ತವೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ, ಆದರೆ ಮಿಕ್ಸರ್ ಆಗುವುದಿಲ್ಲ.

ಈಗ ಮೀಟರ್. ಬೋರ್ಡಿನಲ್ಲೇ ಇಟ್ಟು ಅಳೆದರೆ ಯಾವ ಡಯೋಡಿನ ಮೇಲೆ, ಯಾವ ದಿಕ್ಕಿಗೆ ಹಿಡಿದರೂ 0.6 ವೋಲ್ಟಿನ ಸುಮಾರು ತೋರಿಸುತ್ತದೆ. ಏಕೆಂದರೆ ಎರಡು ಟ್ರಾನ್ಸ್‌ಫಾರ್ಮರ್ ಸುರುಳಿಗಳು ಡಿಸಿಗೆ ಬರೀ ತಂತಿ. ಅವು ರಿಂಗಿನ ಎದುರುಬದುರು ಮೂಲೆಗಳನ್ನು ಸೇರಿಸಿಬಿಡುವುದರಿಂದ ನಾಲ್ಕೂ ಡಯೋಡುಗಳು ಸಮಾಂತರವಾಗಿ, ಎರಡು ಆ ಕಡೆ, ಎರಡು ಈ ಕಡೆ ಮುಖ ಮಾಡಿ ನಿಂತಿರುತ್ತವೆ. ಒಂದು ಸತ್ತಿದ್ದರೂ ಅದರ ಜೊತೆಯದು ಉತ್ತರ ಕೊಡುತ್ತದೆ. ಹಾಗಾಗಿ ಬೋರ್ಡಿನ ಮೇಲಿನ ಅಳತೆಯಿಂದ ಶಾರ್ಟ್ ಆಗಿರುವುದು ಗೊತ್ತಾಗುತ್ತದೆಯೇ ಹೊರತು ತೆರೆದುಕೊಂಡಿರುವುದು ಗೊತ್ತಾಗುವುದಿಲ್ಲ. ಪ್ರತಿ ಡಯೋಡಿನ ಒಂದು ಕಾಲನ್ನು ಎತ್ತಿ ಅಳೆಯಲೇಬೇಕು.

ಬದಲಿಸುವುದಾದರೆ ನಾಲ್ಕನ್ನೂ ಬದಲಿಸಿ, ಹೊಂದುವ ನಾಲ್ಕನ್ನು ಆರಿಸಿ. 1ಎನ್4148 ಅಗ್ಗದ ಮಾಲು, ಇಪ್ಪತ್ತು ಕೊಂಡು ಮೀಟರಿನ ಡಯೋಡ್ ಸ್ಥಾನದಲ್ಲಿ ಒಂದೊಂದಾಗಿ ಅಳೆದು, ಕೆಲವೇ ಮಿಲಿವೋಲ್ಟಿನ ಅಂತರದೊಳಗೆ ಬರುವ ನಾಲ್ಕನ್ನು ತೆಗೆದಿಡಿ. ಬೆರಳಿನಿಂದ ಡಯೋಡ್ ಹಿಡಿದು ಅಳೆದರೆ ಮೀಟರಿನ ಅಂಕಿ ಕಣ್ಣೆದುರೇ ಇಳಿಯುತ್ತಾ ಹೋಗುವುದನ್ನು ನೋಡಬಹುದು: 612, 608, 603. ಮೈ ಬಿಸಿ ತಾಗಿದ ಸಿಲಿಕಾನ್ ಡಯೋಡ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಕಳೆದುಕೊಳ್ಳುತ್ತದೆ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹತ್ತು ನಿಮಿಷ ಬಿಟ್ಟು, ಮೊಸಳೆ ಕ್ಲಿಪ್ಪಿನಲ್ಲಿ ಕಚ್ಚಿಸಿ ಅಳೆಯಿರಿ. ಫ್ಯಾನ್ ಆರಿಸಿರಿ.

ಡಯೋಡುಗಳೂ ಸರಿಯಿದ್ದರೆ ಉಳಿದದ್ದು ಕೈಯಾರೆ ಸುತ್ತಿದ ಟೊರಾಯ್ಡ್, ಅಂದರೆ ಉಂಗುರದ ಮೇಲಿನ ಟ್ರಾನ್ಸ್‌ಫಾರ್ಮರ್. ಎನಾಮಲ್ ತಂತಿಯ ಮೇಲಿನ ಲೇಪ ಸರಿಯಾಗಿ ಹೆರೆಯದಿದ್ದರೆ ಬೆಸುಗೆ ಥಳಥಳ ಹೊಳೆಯುತ್ತದೆ, ಆದರೆ ಹಿಡಿದಿರುವುದಿಲ್ಲ. ಓಂ ಮೀಟರ್ ಇದನ್ನು ಹಿಡಿದುಕೊಡುತ್ತದೆ. ಅದು ಹಿಡಿದುಕೊಡದ ದೋಷ ಸುರುಳಿಗಳ ದಿಕ್ಕು ತಪ್ಪಿರುವುದು. ನಡುವಿನ ಟ್ಯಾಪ್ ಎಂದರೆ ಒಂದು ತಂತಿಯ ಕೊನೆ ಮತ್ತು ಇನ್ನೊಂದರ ಆರಂಭ ಸೇರುವ ಜಾಗ. ಎರಡು ಆರಂಭಗಳನ್ನೇ ಸೇರಿಸಿದರೆ ಸಿಗ್ನಲ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮೂರು ಬಣ್ಣದ ತಂತಿ ಹೊಸೆದು ಸುತ್ತಿದ್ದರೆ ಈ ತಲೆನೋವೇ ಬರುವುದಿಲ್ಲ.

ಲಕ್ಷಣ: ಆಂಟೆನಾ ಕಿತ್ತರೂ ಶಿಳ್ಳೆ ನಿಲ್ಲುವುದಿಲ್ಲ

ಆಂಟೆನಾ ಕಿತ್ತಾಗ ನಿಂತರೆ ಅದು ಹೊರಗಿನದು; ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಪಕ್ಕದ ಮನೆಯ ಸೋಲಾರ್ ಇನ್‌ವರ್ಟರ್ ಇವುಗಳ ಮೇಲೆ ಕಣ್ಣಿಡಿ. ನಿಲ್ಲದಿದ್ದರೆ ಸೆಟ್ಟೇ ಹುಟ್ಟಿಸುತ್ತಿದೆ. ಟ್ಯೂನಿಂಗನ್ನು 1 ಕಿಲೋಹರ್ಟ್ಸ್ ಮಾತ್ರ ಸರಿಸಿ. ಶಿಳ್ಳೆಯ ಸ್ವರವೂ 1 ಕಿಲೋಹರ್ಟ್ಸ್ ಸರಿದರೆ ಅದು ಸಾಧಾರಣ ಸಿಗ್ನಲ್. ಎರಡೋ ಮೂರೋ ಪಟ್ಟು ಓಡಿದರೆ ಆಸಿಲೇಟರಿನ ಎರಡನೇ ಅಥವಾ ಮೂರನೇ ಹಾರ್ಮೋನಿಕ್ (ಎರಡು ಅಥವಾ ಮೂರು ಪಟ್ಟಿನ ಆವರ್ತನ) ಬೆರಕೆಯಲ್ಲಿ ಕೈಯಾಡಿಸುತ್ತಿದೆ ಎಂದು ತಿಳಿಯಿರಿ. ಆಸಿಲೇಟರಿನ ಬಲ ತಗ್ಗಿಸುವುದು, ಅದರ ನಂತರ ಲೋ ಪಾಸ್ ಫಿಲ್ಟರ್ ಇಡುವುದು, ತಗಡಿನ ಪೆಟ್ಟಿಗೆಯಿಂದ ಮುಚ್ಚುವುದು, ಈ ಕ್ರಮದಲ್ಲಿ ಪ್ರಯತ್ನಿಸಿ.

ಮೀಡಿಯಂ ವೇವ್ ಸೆಟ್ಟಿನಲ್ಲಿ 910 ಕಿಲೋಹರ್ಟ್ಸ್ ಸುತ್ತಮುತ್ತ ಮಾತ್ರ ಶಿಳ್ಳೆ ಕೇಳಿದರೆ ಮಿಕ್ಸರನ್ನು ಬೈಯಬೇಡಿ. ಐಎಫ್ 455ರ ಎರಡರಷ್ಟು 910. ಐಎಫ್‌ನಿಂದ ಆಡಿಯೋ ಬೇರ್ಪಡಿಸುವ ಡಿಟೆಕ್ಟರ್ ಡಯೋಡ್ ಹುಟ್ಟಿಸಿದ ಹಾರ್ಮೋನಿಕ್, ಆಂಟೆನಾ ಆಗಿರುವ ಫೆರೈಟ್ ರಾಡಿಗೆ ಹಿಂತಿರುಗಿ ಬರುತ್ತಿದೆ. ಡಿಟೆಕ್ಟರಿನ ತಂತಿಗಳನ್ನು ರಾಡಿನಿಂದ ದೂರ ಒಯ್ಯಿರಿ, ಅಲ್ಲಿಗೆ ಮುಗಿಯಿತು.

ಲಕ್ಷಣ: ಒಂದೇ ಸ್ಟೇಷನ್ ಎರಡು ಕಡೆ ಬರುತ್ತದೆ

ಎರಡು ಜಾಗಗಳ ಅಂತರ ಅಳೆಯಿರಿ. ಶಾರ್ಟ್‌ವೇವ್‌ನಲ್ಲಿ 11.900ರ ಸ್ಟೇಷನ್ 10.990ರಲ್ಲೂ ಕೇಳಿದರೆ ಅಂತರ 910 ಕಿಲೋಹರ್ಟ್ಸ್, ಅಂದರೆ ಐಎಫ್‌ನ ಎರಡರಷ್ಟು. ಇದು ಇಮೇಜ್. ಆಸಿಲೇಟರಿನಿಂದ 455 ಕೆಳಗಿರುವುದೂ 455 ಮೇಲಿರುವುದೂ ಮಿಕ್ಸರಿಗೆ ಒಂದೇ. ಭೇದ ಮಾಡಬೇಕಾದದ್ದು ಮಿಕ್ಸರಿಗಿಂತ ಮೊದಲು, ಆಂಟೆನಾ ಕಡೆ ಇರುವ ಫಿಲ್ಟರ್. ಅಗ್ಗದ ಸೆಟ್ಟುಗಳಲ್ಲಿ ಇದು ಹುಟ್ಟಿನಿಂದಲೇ ಇರುತ್ತದೆ, ಆಂಟೆನಾ ಟ್ರಿಮ್ಮರ್ (ತಿರುಪಿನ ಸಣ್ಣ ಕೆಪಾಸಿಟರ್) ಸರಿಪಡಿಸಿದರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಟ್‌ಎಕ್ಸ್40ರಲ್ಲಿ ಇಮೇಜ್ ಬೀಳುವುದು 17 ಮೆಗಾಹರ್ಟ್ಸ್ ಹತ್ತಿರ. ಅಷ್ಟು ದೂರದ್ದೂ ಒಳಗೆ ಬರುತ್ತಿದೆ ಎಂದರೆ ಬ್ಯಾಂಡ್ ಪಾಸ್ ಫಿಲ್ಟರಿನಲ್ಲಿ ಒಂದು ಬೆಸುಗೆ ಬಿಟ್ಟಿದೆ.

ಡಯಲ್ ಎಲ್ಲಿ ತಿರುಗಿಸಿದರೂ ಅದೇ ಒಂದು ಸ್ಟೇಷನ್ ಬರುತ್ತಿದ್ದರೆ ಬೇರೆ ಕಥೆ. ಅದು ಐಎಫ್ ಆವರ್ತನದ ಸಿಗ್ನಲ್ ನೇರವಾಗಿ ನುಗ್ಗುತ್ತಿರುವುದು. ರಿಂಗಿನ ಸಮತೋಲ ತಪ್ಪಿದ್ದರೆ ಹೀಗಾಗುತ್ತದೆ. ಗಟ್ಟಿ ಸ್ಟೇಷನ್ ಮಾತ್ರ ಬರುವ ಲಕ್ಷಣದಡಿ ಹೇಳಿದ ಡಯೋಡ್ ಪರೀಕ್ಷೆಗೆ ಮರಳಿ.

ಲಕ್ಷಣ: ಹಗಲು ಚೆನ್ನಾಗಿರುತ್ತದೆ, ಕತ್ತಲಾದರೆ ಎಲ್ಲ ಕಡೆ ಗದ್ದಲ

40 ಮೀಟರ್ ಬ್ಯಾಂಡಿನವರ ಹಳೆಯ ದೂರು. ನಮ್ಮ ಬ್ಯಾಂಡ್ 7.000ರಿಂದ 7.200 ಮೆಗಾಹರ್ಟ್ಸ್‌ವರೆಗೆ. ಗೋಡೆಯಾಚೆ, 7.200ರ ಮೇಲೆ, ಪ್ರಸಾರ ಕೇಂದ್ರಗಳ ಸಾಲು. ಸಂಜೆಯಾದ ಮೇಲೆ ಅವುಗಳ ಸಿಗ್ನಲ್ ಭಾರಿಯಾಗಿ ಬರುತ್ತದೆ, ಮಿಕ್ಸರಿಗೆ ಅರಗುವುದಿಲ್ಲ. ಎರಡು ಗಟ್ಟಿ ಸ್ಟೇಷನ್‌ಗಳು ಒಳಗೇ ಬೆರೆತು, ಗಾಳಿಯಲ್ಲಿ ಇಲ್ಲವೇ ಇಲ್ಲದ ಮೂರನೆಯದನ್ನು ಹುಟ್ಟಿಸುತ್ತವೆ.

ಇದಕ್ಕೆ ಮೂರು ರೆಸಿಸ್ಟರುಗಳ ಪರೀಕ್ಷೆ ಸಾಕು. ಆಂಟೆನಾ ದಾರಿಯಲ್ಲಿ 68 ಓಂ, ಅದರ ಎರಡೂ ತುದಿಯಿಂದ ಗ್ರೌಂಡಿಗೆ 100 ಓಂ. ಇದು ಸಿಗ್ನಲನ್ನು ಸುಮಾರು 10 ಡೆಸಿಬೆಲ್ ತಗ್ಗಿಸುವ ಅಟೆನ್ಯುಯೇಟರ್. ಇದರ ಮೂಲಕ ಟ್ರಾನ್ಸ್‌ಮಿಟ್ ಮಾಡಿದರೆ ರೆಸಿಸ್ಟರ್ ಸುಡುತ್ತದೆ, ಮೈಕ್ ಕಳಚಿಡಿ. ನಿಜವಾದ ಸಿಗ್ನಲ್ ಇದರಿಂದ 10 ಡೆಸಿಬೆಲ್ ಇಳಿಯುತ್ತದೆ. ಮಿಕ್ಸರಿನೊಳಗೆ ಹುಟ್ಟಿದ ಮೂರನೇ ದರ್ಜೆಯ ಕಲಬೆರಕೆ 30 ಇಳಿಯುತ್ತದೆ. ಗದ್ದಲ ಮಾಯವಾಗಿ ಹ್ಯಾಮ್ ಮಾತುಗಳು ತೇಲಿ ಬಂದರೆ ರೋಗ ಗೊತ್ತಾಯಿತು, ಮದ್ದೂ ಅದೇ. ಸಂಜೆ ಹೊತ್ತು ಅದನ್ನು ಹಾಕಿಕೊಂಡೇ ಕೇಳಿ. ಗದ್ದಲವೂ 10 ಮಾತ್ರ ಇಳಿದರೆ ಅದು ಹೊರಗಿನಿಂದಲೇ ಬರುತ್ತಿದೆ, ಮಿಕ್ಸರಿನ ತಪ್ಪಿಲ್ಲ.

ಎನ್‌ಇ602 ಈ ವಿಷಯದಲ್ಲಿ ಬಹಳ ದುರ್ಬಲ. ಒಂದೇ ಐಸಿಯಲ್ಲಿ ಎಲ್ಲ ಮುಗಿಯುತ್ತದೆ ಎಂಬ ಸುಖಕ್ಕೆ ತೆರುವ ಬೆಲೆ ಇದು. ರಾತ್ರಿ ಕೇಳುವವರು ಡಯೋಡ್ ರಿಂಗಿಗೆ ಹೋಗುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ರಿಂಗ್ ಇದ್ದೂ ಗದ್ದಲವಾದರೆ ಮೂರನೇ ಬಾಗಿಲು ನೋಡಿ. ಕ್ರಿಸ್ಟಲ್ ಫಿಲ್ಟರ್ ತನಗೆ ಬೇಡದ್ದನ್ನು ಮಿಕ್ಸರಿಗೇ ಹಿಂದಕ್ಕೆ ತಳ್ಳುತ್ತದೆ. ಮಿಕ್ಸರಿಗೆ ಎಲ್ಲ ಆವರ್ತನದಲ್ಲೂ 50 ಓಂ ಕಾಣಬೇಕು. ಮಿಕ್ಸರ್ ಮತ್ತು ಮುಂದಿನ ಹಂತದ ನಡುವೆ 6 ಡೆಸಿಬೆಲ್ ಅಟೆನ್ಯುಯೇಟರ್ ಇಟ್ಟು ನೋಡಿ: ದಾರಿಯಲ್ಲಿ 39 ಓಂ, ಎರಡೂ ಕಡೆ 150. ಸಿಗ್ನಲ್ ಇಳಿದರೂ ಮಾತು ಶುಭ್ರವಾದರೆ ಅಲ್ಲೊಂದು ಡಿಪ್ಲೆಕ್ಸರ್ (ಬೇಡದ ಆವರ್ತನಗಳನ್ನು 50 ಓಂಗೆ ಇಳಿಸುವ ಫಿಲ್ಟರ್) ಕಟ್ಟುವ ಕೆಲಸ ಬಾಕಿಯಿದೆ.

ಲಕ್ಷಣ: ಮಾತು ಬರುತ್ತದೆ, ಬಾತುಕೋಳಿ ಕೂಗಿದಂತೆ

ಎಷ್ಟು ತಿರುಗಿಸಿದರೂ ತಿಳಿಯಾಗದಿದ್ದರೆ ಸೈಡ್‌ಬ್ಯಾಂಡ್, ಅಂದರೆ ಕ್ಯಾರಿಯರ್ ಅಲೆಯ ಪಕ್ಕದಲ್ಲಿ ಮಾತು ಹೊತ್ತ ಆವರ್ತನ ಪಟ್ಟಿ, ತಿರುಗಿದೆ. 40 ಮೀಟರಿನಲ್ಲಿ ಕೆಳ ಸೈಡ್‌ಬ್ಯಾಂಡ್ ರೂಢಿ. 12 ಮೆಗಾಹರ್ಟ್ಸ್ ಐಎಫ್ ಇರುವಾಗ ಆಸಿಲೇಟರ್ 5ರ ಹತ್ತಿರ ಇದ್ದರೆ ಸೈಡ್‌ಬ್ಯಾಂಡ್ ಇದ್ದಂತೆ ಇರುತ್ತದೆ, 19ರ ಹತ್ತಿರ ಇಟ್ಟರೆ ಮೇಲು ಕೆಳಗಾಗುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದರೆ ಸಾಕು.

ಲಕ್ಷಣ: ಡೈರೆಕ್ಟ್ ಕನ್ವರ್ಷನ್ ಸೆಟ್ಟಿನಲ್ಲಿ ಗುಂಯ್ ಎನ್ನುವ ಸದ್ದು

ಐಎಫ್ ಇಲ್ಲದೆ, ಮಿಕ್ಸರಿನಿಂದಲೇ ನೇರವಾಗಿ ಆಡಿಯೋ ಪಡೆಯುವ ಸೆಟ್ಟು ಇದು. ಬ್ಯಾಟರಿಯಿಂದ ನಡೆಸಿ ನೋಡಿ. ಗುಂಯ್ ನಿಂತರೆ ಆಸಿಲೇಟರ್ ಮಿಕ್ಸರಿನಿಂದ ಸೋರಿ, ಅಡಾಪ್ಟರಿನ ತಂತಿ ಹತ್ತಿ, ಅಲ್ಲಿನ ರೆಕ್ಟಿಫೈಯರಿನಲ್ಲಿ 100 ಹರ್ಟ್ಸ್ ಮೆತ್ತಿಕೊಂಡು ಹಿಂತಿರುಗುತ್ತಿದೆ. ಸರಬರಾಜು ತಂತಿಯನ್ನು ಫೆರೈಟ್ ಉಂಗುರಕ್ಕೆ ಐದಾರು ಸುತ್ತು ಹಾಕಿ, ರಿಂಗಿನ ಸಮತೋಲ ಪರೀಕ್ಷಿಸಿ.

ಲಕ್ಷಣ: ಮೈಕಿನಲ್ಲಿ ಮಾತಾಡದಿದ್ದರೂ ಕ್ಯಾರಿಯರ್ ಹೊರಡುತ್ತದೆ

ಡಮ್ಮಿ ಲೋಡ್ ಹಾಕಿ, ಪಕ್ಕದ ರಿಸೀವರಿನಲ್ಲಿ ಕೇಳುತ್ತಾ ಬ್ಯಾಲೆನ್ಸ್ ಪ್ರಿಸೆಟ್ಟನ್ನೂ (ತಿರುಪಿನ ಸಣ್ಣ ರೆಸಿಸ್ಟರ್) ಟ್ರಿಮ್ಮರನ್ನೂ ಒಂದಾದ ಮೇಲೊಂದು ತಿರುಗಿಸಿ. ಎರಡೂ ಒಂದನ್ನೊಂದು ಎಳೆಯುತ್ತವೆ, ಹಾಗಾಗಿ ಕೆಲವು ಸುತ್ತು ಬೇಕು. ಪ್ರಿಸೆಟ್ ಒಂದು ಕೊನೆಗೆ ಹೋದರೂ ಕ್ಯಾರಿಯರ್ ಸಾಯದಿದ್ದರೆ ಡಯೋಡುಗಳು ಹೊಂದುತ್ತಿಲ್ಲ.

ಎಲ್ಲಿ ನಿಲ್ಲಿಸಬೇಕು

ಎಸ್‌ಬಿಎಲ್-1, ಎಡಿಇ-1 ಮುಂತಾದ ಮುಚ್ಚಿದ ಮಾಡ್ಯೂಲ್‌ಗಳನ್ನು ಬಿಚ್ಚಬೇಡಿ. ಒಳಗಿನ ಕೂದಲೆಳೆ ತಂತಿ ಮತ್ತೆ ಜೋಡಿಸುವುದಾಗದು. ಆಸಿಲೇಟರ್ ಬಲ ಸರಿಯಿದ್ದು, ಆಂಟೆನಾ ಬಾಗಿಲಲ್ಲಿ 50 ಓಂ ಮೇಲೆ ಆಸಿಲೇಟರಿನ ಸೋರಿಕೆ ಸ್ಕೋಪಿನಲ್ಲಿ 200 ಮಿಲಿವೋಲ್ಟ್ ಮೀರಿದರೆ ಮಾಡ್ಯೂಲ್ ಹೋಗಿದೆ, ಹೊಸದು ತನ್ನಿ. ಒಳ್ಳೆಯದರಲ್ಲಿ ಅದು 50 ಮಿಲಿವೋಲ್ಟಿಗಿಂತ ಕೆಳಗಿರುತ್ತದೆ.

ಕಂಪನಿಯ ಟ್ರಾನ್ಸೀವರಿನ ಎಸ್‌ಎಂಡಿ (ಮೇಲ್ಮೈಗೇ ಬೆಸೆದ ಪುಟ್ಟ ಬಿಡಿಭಾಗಗಳ) ಸಣ್ಣ ಬೋರ್ಡು, ವಿಎಚ್‌ಎಫ್‌ಗಿಂತ ಮೇಲಿನ ಮಿಕ್ಸರು, ಎಸ್‌ಎಂಪಿಎಸ್ ವಿದ್ಯುತ್ ಸರಬರಾಜಿನ 325 ವೋಲ್ಟ್ ಡಿಸಿ ಇರುವ ಭಾಗ, ಇವುಗಳಿಗೆ ಮಲ್ಟಿಮೀಟರ್ ಸಾಲದು, ಅನುಭವಿ ಹ್ಯಾಮ್ ಒಬ್ಬರ ಬಳಿ ಒಯ್ಯಿರಿ. ಒಯ್ಯುವಾಗ ಸೆಟ್ಟಿನ ಜೊತೆ ಒಂದು ಚೀಟಿಯೂ ಇರಲಿ: ಆಸಿಲೇಟರ್ ಬಲ ಎಷ್ಟು ವೋಲ್ಟ್, ಐಸಿಯ ಪ್ರತಿ ಕಾಲಿನ ವೋಲ್ಟೇಜ್ ಎಷ್ಟು, ಆಂಟೆನಾ ಕಿತ್ತಾಗ ಏನಾಯಿತು, ಅಟೆನ್ಯುಯೇಟರ್ ಹಾಕಿದಾಗ ಏನಾಯಿತು. ಯಾವ ತಿರುಪು ತಿರುಗಿಸಿದ್ದೀರಿ ಎಂಬುದನ್ನೂ ಮುಚ್ಚಿಡದೆ ಬರೆಯಿರಿ.